ಫೆಬ್ರವರಿ ಕೊನೆಗೆ ಅಪ್ಪ ಅಮ್ಮ ಬಾಸ್ಟನ್‌ಗೆ ಹೊರಟಿದ್ದಾರೆ, ಹಿಮದ ಕಾಟ ಎಷ್ಟಿರುತ್ತದೆ?

ಪಿಜೆ ಬಡಾವಣೆ (ದಾವಣಗೆರೆ)

ಎಲ್ಲರಿಗೂ ನಮಸ್ಕಾರ. ತಂಗಿ ಬಾಸ್ಟನ್ ಪಕ್ಕದ ಕ್ವಿನ್ಸಿಯಲ್ಲಿದ್ದಾಳೆ. ಡಾಕ್ಟರ್ ಕೊಟ್ಟಿರುವ ದಿನ ಮಾರ್ಚ್ ಮೂರನೇ ವಾರ. ಬಾಣಂತನಕ್ಕೆ ಅಮ್ಮ ಹೋಗಲೇಬೇಕು. ಅಮ್ಮ ಹೋದರೆ ಅಪ್ಪನೂ ಹೋಗಲೇಬೇಕು, ಯಾಕೆಂದರೆ ಅವರೊಬ್ಬರನ್ನೇ ಇಲ್ಲಿ ಬಿಟ್ಟರೆ ಮೂರು ಹೊತ್ತೂ ಮಂಡಕ್ಕಿ ಮೆಣಸಿನಕಾಯಿಯಲ್ಲೇ ದಿನ ತಳ್ಳುತ್ತಾರೆ.

ಟಿಕೆಟ್‌ಗೆ ಎರಡು ದಿನ ನೋಡಿಟ್ಟಿದ್ದೇನೆ. ಒಂದು ಫೆಬ್ರವರಿ 24, ಇನ್ನೊಂದು ಮಾರ್ಚ್ 10. ಎರಡನೆಯದು ಸ್ವಲ್ಪ ಅಗ್ಗ, ಮತ್ತೆ ಅಷ್ಟೊತ್ತಿಗೆ ಚಳಿಗಾಲ ಮುಗಿದಿರುತ್ತದಲ್ಲ ಅಂತ ನನ್ನ ಲೆಕ್ಕ. ಆದರೆ ತಂಗಿಯನ್ನು ಕೇಳಿದರೆ "ಇಲ್ಲಿ ಮಾರ್ಚ್‌ನಲ್ಲೂ ಬೀಳುತ್ತದೆ ಅಣ್ಣ" ಅನ್ನುತ್ತಾಳೆ. ಭಾವನನ್ನು ಕೇಳಿದರೆ "ಯಾವಾಗ ಬಂದರೂ ನಡೆಯುತ್ತದೆ" ಅನ್ನುತ್ತಾರೆ. ಫೋನಿನ ಆ್ಯಪ್ ತೆಗೆದರೆ ಒಂದು ದಿನ ಹಿಮ, ಒಂದು ದಿನ ಮಳೆ, ಮರುದಿನ ನೋಡಿದರೆ ಅದೂ ಬದಲಾಗಿರುತ್ತದೆ. ಟಿವಿಯವರಂತೂ ಬಾಂಬ್ ಸೈಕ್ಲೋನ್ ಅಂತ ತೋರಿಸಿ ಅಮ್ಮನನ್ನು ಹೆದರಿಸಿಬಿಟ್ಟಿದ್ದಾರೆ.

ಅಪ್ಪನಿಗೆ 67, ಮಂಡಿ ನೋವಿದೆ, ಬೆಳಗ್ಗೆ ಕುಂದವಾಡ ಕೆರೆ ಸುತ್ತು ಹಾಕದಿದ್ದರೆ ತಿಂಡಿ ಸೇರುವುದಿಲ್ಲ. ಅಮ್ಮನಿಗೆ ಚಳಿ ಅಂದರೆ ಆಗದು, ಡಿಸೆಂಬರ್‌ನಲ್ಲಿ ಇಲ್ಲೇ ಎರಡು ಸ್ವೆಟರ್ ಹಾಕುತ್ತಾರೆ. ಯಾವ ತಾರೀಖು ಒಳ್ಳೆಯದು, ವಿಮಾನ ರದ್ದಾದರೆ ಏನು ಗತಿ, ಬಟ್ಟೆ ಬರೆ ಇಲ್ಲಿಂದಲೇ ತಗೊಂಡು ಹೋಗಬೇಕಾ? ಅಲ್ಲಿ ಇದ್ದವರು, ಇದ್ದು ಬಂದವರು ದಯವಿಟ್ಟು ಹೇಳಿ. ಗೂಗಲ್ ಮಾಡಿ ಅನ್ನಬೇಡಿ, ಮಾಡಿ ಮಾಡಿಯೇ ಇಲ್ಲಿಗೆ ಬಂದಿದ್ದೇನೆ.

ಕಲ್ಲಿನಕೋಟೆಯವ (ಊರು ಚಿತ್ರದುರ್ಗ, ಈಗ ಬಾಸ್ಟನ್ ಹತ್ತಿರ)

ಪಕ್ಕದ ಜಿಲ್ಲೆಯವರು ಸಿಕ್ಕಿದ್ದು ಖುಷಿ. ನೇರವಾಗಿ ಹೇಳಿಬಿಡುತ್ತೇನೆ, ಫೆಬ್ರವರಿ 24ರದ್ದೇ ತಗೊಳ್ಳಿ.

ಆಗ ಹಿಮ ಕಮ್ಮಿ ಅಂತಲ್ಲ. ಲೆಕ್ಕ ನೋಡಿದರೆ ಫೆಬ್ರವರಿಯಲ್ಲೇ ಜಾಸ್ತಿ. ಬಾಸ್ಟನ್‌ನಲ್ಲಿ ಒಂದು ಚಳಿಗಾಲಕ್ಕೆ ಸರಾಸರಿ 49 ಇಂಚು, ಅಂದರೆ ನಾಲ್ಕು ಅಡಿಗೆ ಸ್ವಲ್ಪ ಮೇಲೆ ಹಿಮ ಬೀಳುತ್ತದೆ. ಅದರಲ್ಲಿ ಫೆಬ್ರವರಿ ಪಾಲು ಸುಮಾರು 14 ಇಂಚು, ಮಾರ್ಚ್ ಪಾಲು ಸುಮಾರು 9 ಇಂಚು. ಹಾಗಾಗಿ ಮಾರ್ಚ್ 10ಕ್ಕೆ ಹಿಮ ಮುಗಿದಿರುತ್ತದೆ ಅನ್ನುವ ನಿಮ್ಮ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಎರಡೂ ತಾರೀಖಿಗೆ ಅಪಾಯ ಇದೆ, ಸ್ವಲ್ಪ ಹೆಚ್ಚು ಕಮ್ಮಿ ಅಷ್ಟೇ. ವ್ಯತ್ಯಾಸ ಇರುವುದು ನಿಮ್ಮ ಕೈಯಲ್ಲಿ ಉಳಿಯುವ ದಿನಗಳಲ್ಲಿ. 24ಕ್ಕೆ ಹೊರಟು ವಿಮಾನ ಎರಡು ಮೂರು ದಿನ ತಡವಾದರೂ ಹೆರಿಗೆಗೆ ಇನ್ನೂ ಮೂರು ವಾರ ಇರುತ್ತದೆ. ಅಮ್ಮನಿಗೆ ನಿದ್ದೆಯ ಹೊತ್ತು ಸರಿಹೋಗುವುದಕ್ಕೂ ಟೈಮ್ ಸಿಗುತ್ತದೆ. 10ಕ್ಕೆ ಹೊರಟು ಅದೇ ಮೂರು ದಿನ ತಡವಾದರೆ ಅವರು ಮನೆ ಮುಟ್ಟುವುದರೊಳಗೆ ತಂಗಿ ಆಸ್ಪತ್ರೆಯಲ್ಲಿರಬಹುದು. ಮಗು ಡಾಕ್ಟರ್ ಕೊಟ್ಟ ತಾರೀಖಿಗೇ ಕಾಯಬೇಕು ಅಂತ ಏನಿಲ್ಲವಲ್ಲ.

ಸರಾಸರಿ ಅನ್ನುವುದನ್ನೂ ತುಂಬ ನಂಬಬೇಡಿ. 2014-15ರ ಚಳಿಗಾಲದಲ್ಲಿ ಇಲ್ಲಿ 110.6 ಇಂಚು ಬಿತ್ತು, ಅದು ದಾಖಲೆ. ಆ ವರ್ಷ ರಸ್ತೆಯಿಂದ ಬಳಿದು ಸೀಪೋರ್ಟ್ ಅನ್ನುವ ಬಡಾವಣೆ ಹತ್ತಿರ ಒಟ್ಟಿದ್ದ ಹಿಮದ ಗುಡ್ಡ ಪೂರ್ತಿ ಕರಗಿದ್ದು ಜುಲೈ 14ಕ್ಕೆ. ಜುಲೈ! ಜನ ಅರ್ಧ ತೋಳಿನ ಅಂಗಿಯಲ್ಲಿ ಹೋಗಿ ಕಪ್ಪಗಾದ ಆ ರಾಶಿಯನ್ನು ನೋಡಿ ಬರುತ್ತಿದ್ದರು. 2023-24ರಲ್ಲಿ ನೋಡಿದರೆ ಇಡೀ ಚಳಿಗಾಲಕ್ಕೆ 10 ಇಂಚೂ ಆಗಲಿಲ್ಲ. ಇವೆರಡರ ನಡುವೆ ನಿಮ್ಮ ಅಪ್ಪ ಅಮ್ಮನ ವರ್ಷ ಎಲ್ಲಿ ಬರುತ್ತದೋ ಯಾರೂ ಈಗ ಹೇಳಲಾರರು.

ತಡವಾಗಿ ಬಂದ ದೊಡ್ಡ ಹಿಮ ಅಂದರೆ ಇಲ್ಲಿಯವರು ಈಗಲೂ 1997ರದ್ದನ್ನೇ ಹೇಳುತ್ತಾರೆ. ಮಾರ್ಚ್ 31ಕ್ಕೆ ಶುರುವಾಗಿ ಏಪ್ರಿಲ್ 1ರಂದು ನಿಂತಿತು, ಬಾಸ್ಟನ್‌ನಲ್ಲಿ 25.4 ಇಂಚು. ಏಪ್ರಿಲ್ ಫೂಲ್ ದಿನವೇ! 2018ರ ಮಾರ್ಚ್‌ನಲ್ಲಿ ಮೂರೇ ವಾರದಲ್ಲಿ ನಾಲ್ಕು ಬಿರುಗಾಳಿ ಒಂದರ ಹಿಂದೊಂದು ಬಂದವು. ಇದನ್ನು ಹೆದರಿಸುವುದಕ್ಕೆ ಹೇಳುತ್ತಿಲ್ಲ. ಮಾರ್ಚ್ ಅಂದ ತಕ್ಷಣ ಬೇಸಿಗೆ ಅನ್ನುವುದು ನಮ್ಮ ಕಡೆಯ ಲೆಕ್ಕ, ಇಲ್ಲಿಯದ್ದಲ್ಲ.

ಚಳ್ಳಕೆರೆ ಕಡ್ಲೆಕಾಯಿ

ಸುಮ್ನೆ ಇಷ್ಟೆಲ್ಲ ತಲೆ ಕೆಡಿಸಿಕೊಳ್ಳುತ್ತೀರಿ ಮಾರಾಯ್ರೇ. ನಾನೂ ಈಗ ಫೋನಿನಲ್ಲಿ ಬಾಸ್ಟನ್ ಅಂತ ಹಾಕಿ ನೋಡಿದೆ, 38 ಡಿಗ್ರಿ ತೋರಿಸುತ್ತಿದೆ. ನಮ್ಮೂರಲ್ಲೇ ಇನ್ನೂ ಅಷ್ಟು ಬಿಸಿಲಿಲ್ಲ. ಛತ್ರಿ ಕೊಟ್ಟು ಕಳಿಸಿ.

ಕಲ್ಲಿನಕೋಟೆಯವ

ಅಣ್ಣ, ಅದು ಫ್ಯಾರನ್‌ಹೀಟ್. 32 ಅಂದರೆ ನಮ್ಮ ಸೊನ್ನೆ. 38 ಅಂದರೆ ಮೂರು ಡಿಗ್ರಿ. ಛತ್ರಿ ಹಿಡಿದು ಬನ್ನಿ, ಇಲ್ಲಿಯ ಗಾಳಿಗೆ ಉಲ್ಟಾ ಆದಾಗ ಫೋಟೋ ತೆಗೆಯೋಣ.

ಪ್ರಶ್ನೆ ಕೇಳಿದವರೂ ಆ್ಯಪ್‌ನಲ್ಲಿ ಸೆಲ್ಸಿಯಸ್ ಮಾಡಿಟ್ಟುಕೊಳ್ಳಿ. ಸುಮಾರಾಗಿ ಫೆಬ್ರವರಿಯಲ್ಲಿ ಹಗಲು ನಾಲ್ಕು ಡಿಗ್ರಿ, ರಾತ್ರಿ ಮೈನಸ್ ನಾಲ್ಕು. ಮಾರ್ಚ್‌ನಲ್ಲಿ ಹಗಲು ಏಳೆಂಟು, ರಾತ್ರಿ ಸೊನ್ನೆಯ ಆಸುಪಾಸು. ಗಾಳಿ ಬೀಸಿದರೆ ಇದಕ್ಕಿಂತ ಎಷ್ಟೋ ಕೆಳಗೆ ಅನ್ನಿಸುತ್ತದೆ.

ಗಾಳಿಯಂತ್ರ (ಚಿತ್ರದುರ್ಗ)

ಹವಾಮಾನದ ಹುಚ್ಚು ಇರುವವನು ನಾನು, ಮಾತು ಉದ್ದ ಆದರೆ ಬೈಕೋಬೇಡಿ. ಆ್ಯಪ್ ಯಾಕೆ ದಿನಕ್ಕೊಂದು ಹೇಳುತ್ತದೆ ಅನ್ನುವುದು ಅರ್ಥವಾದರೆ ನಿಮ್ಮ ಅರ್ಧ ಟೆನ್ಷನ್ ಹೋಗುತ್ತದೆ.

ಬಾಸ್ಟನ್‌ಗೆ ದೊಡ್ಡ ಹಿಮ ತರುವುದು ನಾರ್‌ಈಸ್ಟರ್ ಅನ್ನುವ ಬಿರುಗಾಳಿಗಳು. ಚಳಿಗಾಲದ ಕೊನೆಗೆ ಒಳನಾಡಿನ ಮೇಲೆ ಕೆನಡಾ ಕಡೆಯಿಂದ ಬಂದ ಕೊರೆಯುವ ಗಾಳಿ ಕೂತಿರುತ್ತದೆ. ಸ್ವಲ್ಪ ಆಚೆ ಅಟ್ಲಾಂಟಿಕ್‌ನಲ್ಲಿ ಗಲ್ಫ್ ಸ್ಟ್ರೀಮ್‌ನ ಬಿಸಿ ನೀರು ಹರಿಯುತ್ತಿರುತ್ತದೆ. ಈ ಎರಡರ ಗಡಿಯಲ್ಲಿ, ಕೆಳಗೆ ಕೆರೊಲಿನಾ ಕರಾವಳಿಯ ಹತ್ತಿರ ವಾಯುಭಾರ ಕುಸಿತ ಹುಟ್ಟಿ ದಂಡೆಗುಂಟ ಮೇಲಕ್ಕೆ ಬರುತ್ತದೆ. ನಮ್ಮ ಬಂಗಾಳ ಕೊಲ್ಲಿಯ ಚಂಡಮಾರುತ ತಿರುಗುವ ದಿಕ್ಕಿಗೇ ಇದೂ ತಿರುಗುವುದು, ಗಡಿಯಾರಕ್ಕೆ ಉಲ್ಟಾ. ಅದು ಬಾಸ್ಟನ್‌ನ ಆಗ್ನೇಯಕ್ಕೆ ಸಮುದ್ರದಲ್ಲಿ ಹಾದುಹೋಗುವಾಗ ಊರಿನ ಮೇಲೆ ಈಶಾನ್ಯದಿಂದ ಗಾಳಿ ಬಡಿಯುತ್ತದೆ. ಟಿವಿಯವರ ಬಾಂಬ್ ಸೈಕ್ಲೋನ್ ಅಂದರೂ ಇದೇ ಜಾತಿ, ಒತ್ತಡ ತುಂಬ ಬೇಗ ಕುಸಿದರೆ ಆ ಹೆಸರು. ಅಕ್ಷಾಂಶ ನೋಡಿಕೊಂಡು 24 ಗಂಟೆಯಲ್ಲಿ ಸುಮಾರು 18ರಿಂದ 24 ಮಿಲಿಬಾರ್ ಇಳಿಯಬೇಕು. ಹೆಸರು ಕೇಳಿ ಅಮ್ಮ ಗಾಬರಿಯಾಗುವುದು ಬೇಡ.

ಈಗ ಅಸಲು ವಿಷಯ. ಅಲ್ಲಿಯ ಹವಾಮಾನದವರು ನಕ್ಷೆಯಲ್ಲಿ ಒಂದು ಬಿಂದು ಇಟ್ಟುಕೊಂಡಿದ್ದಾರೆ, 40 ಡಿಗ್ರಿ ಉತ್ತರ, 70 ಡಿಗ್ರಿ ಪಶ್ಚಿಮ. ಬಿರುಗಾಳಿಯ ನಡು ಆ ಬಿಂದುವಿನ ಹತ್ತಿರ ಹಾದರೆ ಬಾಸ್ಟನ್‌ಗೆ ಒಳ್ಳೆ ಹಿಮ. ಇನ್ನೂ ಒಳಗೆ, ದಂಡೆ ಹತ್ತಿರ ಬಂದರೆ ಸಮುದ್ರದ ಬೆಚ್ಚನೆ ಗಾಳಿ ನುಗ್ಗಿ ಹಿಮ ಹೋಗಿ ಮಳೆಯಾಗುತ್ತದೆ. ತುಂಬ ಆಚೆ ಹೋದರೆ ನಾಲ್ಕು ಹನಿಯೂ ಇಲ್ಲ. ಒಂದು ಐವತ್ತು ನೂರು ಕಿಲೋಮೀಟರ್ ಆ ಕಡೆ ಈ ಕಡೆ ಆದರೂ ಒಂದಡಿ ಹಿಮವೋ ಬರೀ ಮಳೆಯೋ ಅನ್ನುವುದು ಬದಲಾಗುತ್ತದೆ. ಬಿರುಗಾಳಿ ಇನ್ನೂ ಹುಟ್ಟೇ ಇಲ್ಲದಾಗ ಫೋನಿನ ಆ್ಯಪ್ ಹತ್ತು ದಿನ ಮುಂಚೆ "ಗುರುವಾರ ಹಿಮ" ಅಂದರೆ ಅದನ್ನು ನಂಬಿ ಟಿಕೆಟ್ ಮಾಡುವುದು ಬೇಡ. ಐದು ದಿನ ಇರುವಾಗ ಒಂದು ಅಂದಾಜು ಸಿಗುತ್ತದೆ, ಎರಡು ಮೂರು ದಿನ ಇರುವಾಗ ಗಟ್ಟಿ ಮಾತು ಸಿಗುತ್ತದೆ. ಮಳೆ ಹಿಮದ ಗೆರೆ ಎಲ್ಲಿ ಬೀಳುತ್ತದೆ ಅನ್ನುವುದು ಮಾತ್ರ ಎಷ್ಟೋ ಸಲ ಆ ದಿನ ಬೆಳಗ್ಗೆವರೆಗೂ ತೂಗಾಡುತ್ತಿರುತ್ತದೆ.

2018ರ ಮಾರ್ಚ್ ನೋಡಿ. ಮಾರ್ಚ್ 2ರದ್ದು ಬಾಸ್ಟನ್‌ಗೆ ಹೆಚ್ಚಾಗಿ ಮಳೆ ಮತ್ತು ಗಾಳಿ. ಉಬ್ಬರದ ಜೊತೆ ಸಮುದ್ರದ ನೀರೇ ಬಂದರಿನ ರಸ್ತೆಗಳಿಗೆ ನುಗ್ಗಿತ್ತು, ಕ್ವಿನ್ಸಿಯ ತಗ್ಗಿನ ಬೀದಿಗಳಿಗೂ ನುಗ್ಗಿತ್ತು. ಅದೇ ತಿಂಗಳ 13ರಂದು ಬಂದದ್ದು ಪೂರ್ತಿ ಹಿಮ, ಒಂದಡಿಗಿಂತ ಜಾಸ್ತಿ. ಊರು ಅದೇ, ತಿಂಗಳು ಅದೇ.

ಕರಾವಳಿ ಊರು ಅಲ್ವಾ, ಸಮುದ್ರ ಬೆಚ್ಚಗಿರುತ್ತದೆ, ಹಿಮ ಕಮ್ಮಿ ಇರಬೇಕು ಅಂತ ಕೆಲವರು ಅಂದುಕೊಳ್ಳುತ್ತಾರೆ. ಡಿಸೆಂಬರ್‌ನಲ್ಲಿ ಆ ಮಾತು ನಿಜ. ಬೇಸಿಗೆಯ ಶಾಖ ನೀರಿನಲ್ಲಿ ಇನ್ನೂ ಉಳಿದಿರುತ್ತದೆ, ಸಮುದ್ರದ ಕಡೆಯಿಂದ ಗಾಳಿ ಬಂದರೆ ದಂಡೆಯಲ್ಲಿ ಮಳೆ, ಒಳನಾಡಿನಲ್ಲಿ ಹಿಮ. ಆದರೆ ನೀರು ನಿಧಾನಕ್ಕೆ ತಣ್ಣಗಾಗುತ್ತದೆ. ಫೆಬ್ರವರಿ ಕೊನೆ, ಮಾರ್ಚ್ ಮೊದಲಿಗೆ ಬಾಸ್ಟನ್ ಬಂದರಿನ ನೀರು ವರ್ಷದಲ್ಲೇ ಅತಿ ತಣ್ಣಗೆ, ಸುಮಾರು ನಾಲ್ಕು ಡಿಗ್ರಿ. ಆಗ ಅದೇ ಸಮುದ್ರದ ಗಾಳಿ ಹಿಮವನ್ನು ಮೊದಲಿನಷ್ಟು ಕರಗಿಸುವುದಿಲ್ಲ. ಚಳಿಗಾಲ ಮುಗಿಯುತ್ತಾ ಬಂದಾಗಲೂ ದಂಡೆಯ ಊರಿಗೆ ಹಿಮ ಬೀಳುವುದು ಇದರಿಂದ. ಮುಂದೆ ಏಪ್ರಿಲ್‌ನಲ್ಲಿ ಒಳಗಿನ ಊರುಗಳು ಬೆಚ್ಚಗಾದರೂ ಇವರ ಕ್ವಿನ್ಸಿ ದಂಡೆಯಲ್ಲಿ ಮಧ್ಯಾಹ್ನ ಸಮುದ್ರದ ಗಾಳಿ ಎದ್ದು ಮತ್ತೆ ಜಾಕೆಟ್ ಹಾಕಿಸುತ್ತದೆ.

ಅಂದಹಾಗೆ ಕ್ವಿನ್ಸಿ ಪಕ್ಕದಲ್ಲೇ ಮಿಲ್ಟನ್ ಅನ್ನುವ ಊರಿನ ಗುಡ್ಡದ ಮೇಲೆ ಬ್ಲೂ ಹಿಲ್ ಹವಾಮಾನ ಕೇಂದ್ರ ಇದೆ. 1885ರಿಂದ ಅಲ್ಲಿ ಬಿಡದೆ ಲೆಕ್ಕ ಬರೆಯುತ್ತಿದ್ದಾರೆ. ಅಪ್ಪನಿಗೆ ಬೇಜಾರಾದರೆ, ದಾರಿ ಒಣಗಿದ ಮೇಲೆ, ಕರೆದುಕೊಂಡು ಹೋಗಲು ಹೇಳಿ. ಸಮುದ್ರದ ಪಕ್ಕದ ಲೋಗನ್ ಏರ್‌ಪೋರ್ಟ್‌ನಲ್ಲಿ ಅಳೆಯುವ ಹಿಮಕ್ಕಿಂತ ಆ ಗುಡ್ಡದಲ್ಲಿ ಜಾಸ್ತಿ ಬೀಳುತ್ತದೆ. ಇನ್ನೂ ಒಳಗೆ ವೂಸ್ಟರ್ ಕಡೆ ಹೋದರೆ ಮತ್ತೂ ಜಾಸ್ತಿ. ಹಾಗಾಗಿ ಆ್ಯಪ್‌ನಲ್ಲಿ ಮ್ಯಾಸಚೂಸೆಟ್ಸ್ ಅಂತ ಎಲ್ಲೋ ನಡುವಿನ ಊರು ಇಟ್ಟುಕೊಂಡು ನೋಡಬೇಡಿ, ಕ್ವಿನ್ಸಿ ಅಂತಲೇ ಹಾಕಿ. ಸಾಧ್ಯವಾದರೆ ಆ್ಯಪ್ ಬಿಟ್ಟು ಅಮೆರಿಕದ ಸರ್ಕಾರಿ ಹವಾಮಾನ ಇಲಾಖೆಯ ಬಾಸ್ಟನ್ ಕಚೇರಿಯ ಪುಟ ನೋಡಿ. ಎಷ್ಟು ಇಂಚು ಬೀಳಬಹುದು, ಕಮ್ಮಿ ಅಂದರೆ ಎಷ್ಟು, ಜಾಸ್ತಿ ಅಂದರೆ ಎಷ್ಟು ಅಂತ ಬಿಡಿಸಿ ಹಾಕಿರುತ್ತಾರೆ. ಪುಕ್ಕಟೆ, ಜಾಹೀರಾತೂ ಇಲ್ಲ.

ಚಳ್ಳಕೆರೆ ಕಡ್ಲೆಕಾಯಿ

ಇಷ್ಟು ಓದುವುದರೊಳಗೆ ಮಗು ನಾಮಕರಣಕ್ಕೆ ಬಂದಿರುತ್ತದೆ.

ವಿನೋಬನಗರ ಅಜ್ಜಿ (ದಾವಣಗೆರೆ)

ಮಗಳ ಬಾಣಂತನಕ್ಕೆ ನಾನೂ ಅಲ್ಲಿಗೇ ಹೋಗಿದ್ದೆ, ಇದೇ ಸೀಸನ್. ನಿಮ್ಮ ಅಮ್ಮನಿಗೆ ತೋರಿಸಿ ಇದನ್ನು.

ಹಿಮ ಬೀಳುವಾಗ ಏನೂ ಭಯ ಇಲ್ಲಮ್ಮ. ಮನೆಯೊಳಗೆ ಹೀಟರ್ ಇರುತ್ತದೆ, ಬಾಗಿಲು ಕಿಟಕಿ ಗಟ್ಟಿ, ನಮ್ಮ ಡಿಸೆಂಬರ್ ಬೆಳಗಿನಷ್ಟೂ ಚಳಿ ಒಳಗೆ ಇರುವುದಿಲ್ಲ. ಸುಮ್ನೆ ಕಿಟಕಿ ಹತ್ತಿರ ಕೂತು ನೋಡಬಹುದು. ಕಷ್ಟ ಇರುವುದು ಹಿಮ ನಿಂತ ಮಾರನೆಯ ದಿನದಿಂದ. ಹಗಲು ಬಿಸಿಲಿಗೆ ಕರಗಿ ನೀರು ಹರಿಯುತ್ತದೆ, ಸಂಜೆ ಆದ ಮೇಲೆ ಅದೇ ನೀರು ಗಟ್ಟಿಯಾಗುತ್ತದೆ. ನಮ್ಮ ಮಗಳ ಮನೆ ಮೆಟ್ಟಿಲ ಪಕ್ಕ ಮಾಳಿಗೆ ನೀರು ಇಳಿಯುವ ಪೈಪ್ ಇತ್ತು. ಅದರ ಬಾಯಿಂದ ಬಂದ ನೀರು ಕೊನೆಯ ಮೆಟ್ಟಿಲ ಮೇಲೆ ಹರಡಿಕೊಂಡು ರಾತ್ರಿ ಹೆಪ್ಪುಗಟ್ಟುತ್ತಿತ್ತು. ಬೆಳಗ್ಗೆ ನೋಡಿದರೆ ಮೆಟ್ಟಿಲು ಬರೀ ಒದ್ದೆಯಾಗಿದೆ ಅನ್ನಿಸಬೇಕು, ಮಂಜುಗಡ್ಡೆ ಅಂತ ಗೊತ್ತೇ ಆಗದು. ಕೆಳಗಿನ ಕಪ್ಪು ಕಲ್ಲು ಹಾಗೇ ಕಾಣುತ್ತದೆ. ಕಾಲಿಟ್ಟರೆ ಮುಗಿಯಿತು. ಪಕ್ಕದ ಮನೆಯ ದೊಡ್ಡವರೊಬ್ಬರು ಹೀಗೆ ಜಾರಿ ಕೈ ಮುರಿದುಕೊಂಡರು, ಅವರು ಹುಟ್ಟಿ ಬೆಳೆದದ್ದೇ ಅಲ್ಲಿ.

ಅದಕ್ಕೆ ನಿಮ್ಮ ಅಪ್ಪನಿಗೆ ಹೇಳಿ, ಬೆಳಗಿನ ಐದು ಗಂಟೆಯ ವಾಕಿಂಗ್ ಅಲ್ಲಿ ಬೇಡವೇ ಬೇಡ. ಹತ್ತು ಹನ್ನೊಂದಕ್ಕೆ ಬಿಸಿಲು ಬಿದ್ದ ಮೇಲೆ ಹೋಗಲಿ. ಮೆಟ್ಟಿಲ ಹತ್ತಿರ ಒಂದು ಬಕೆಟ್‌ನಲ್ಲಿ ಉಪ್ಪು ಇಟ್ಟಿರುತ್ತಾರೆ, ಮಂಜು ಕರಗಿಸುವ ದಪ್ಪ ಉಪ್ಪು. ಹೊರಡುವ ಮುಂಚೆ ಅದನ್ನು ಎರಚಿ ಸ್ವಲ್ಪ ಹೊತ್ತು ಬಿಟ್ಟು ಇಳಿಯಬೇಕು. ನಡೆಯುವುದೂ ಸಸಿ ನಾಟಿ ಮಾಡುವ ಗದ್ದೆಯಲ್ಲಿ ಹೆಜ್ಜೆ ಇಟ್ಟ ಹಾಗೆ, ಸಣ್ಣ ಹೆಜ್ಜೆ, ಪಾದ ಪೂರ್ತಿ ಊರಿ, ಕೈ ಜೇಬಿನಲ್ಲಿ ಇಟ್ಟುಕೊಳ್ಳದೆ. ಭದ್ರಾ ನಾಲೆ ಕಡೆಯವರಾದರೆ ಅವರಿಗೆ ಹೇಳಿಕೊಡುವುದೇ ಬೇಡ.

ಇನ್ನೊಂದು ಯಾರೂ ಹೇಳುವುದಿಲ್ಲ. ಹೀಟರ್ ಗಾಳಿ ತುಂಬ ಒಣ. ಮೂಗು ಉರಿಯುತ್ತದೆ, ಕೈ ಬಿರಿಯುತ್ತದೆ, ತುಟಿ ಒಡೆಯುತ್ತದೆ. ಹ್ಯುಮಿಡಿಫೈಯರ್ ಅಂತ ಸಣ್ಣ ಮಷಿನ್ ಸಿಗುತ್ತದೆ, ಬಾಣಂತಿ ಕೋಣೆಗೆ ಒಂದು ಇರಲಿ. ಕೊಬ್ಬರಿ ಎಣ್ಣೆ ಮನೆಯೊಳಗೂ ಗಟ್ಟಿಯಾಗಿಯೇ ಇರುತ್ತದೆ, ಕಿಟಕಿ ಹತ್ತಿರ ಇಟ್ಟರಂತೂ ಕಲ್ಲು. ಮಗುವಿಗೆ ಹಚ್ಚುವ ಮುಂಚೆ ಬಿಸಿ ನೀರಿನ ಪಾತ್ರೆಯಲ್ಲಿ ಬಾಟಲಿ ನಿಲ್ಲಿಸಬೇಕು. ಅಗಲ ಬಾಯಿಯ ಡಬ್ಬದಲ್ಲಿ ಎಣ್ಣೆ ತಗೊಂಡು ಹೋಗಲಿ, ಸಣ್ಣ ಬಾಯಿಯ ಬಾಟಲಿ ಆದರೆ ಬೆರಳು ಹಾಕಿ ತೆಗೆಯುವುದಕ್ಕೂ ಬರುವುದಿಲ್ಲ.

ಬಾಣಂತಿಗೆ ಕೆಂಡದ ಹೊಗೆ ಹಾಕುವುದು ಅಲ್ಲಿ ಆಗುವುದಿಲ್ಲ, ಹೊಗೆ ಎದ್ದರೆ ಅಲಾರಂ ಹೊಡೆದುಕೊಳ್ಳುತ್ತದೆ. ಅಮ್ಮನಿಗೆ ಈಗಲೇ ಹೇಳಿಬಿಡಿ.

ಪಿಜೆ ಬಡಾವಣೆ

ಅಮ್ಮನಿಗೆ ಓದಿ ಹೇಳಿದೆ ಮೇಡಂ. ಹಿಮಕ್ಕೆ ಹೆದರಲಿಲ್ಲ, ಹೊಗೆ ಹಾಕುವಂತಿಲ್ಲ ಅಂದಿದ್ದಕ್ಕೆ ಮುಖ ಸಣ್ಣ ಮಾಡಿಕೊಂಡರು.

24ರ ಟಿಕೆಟ್ ಅಂತ ಹೆಚ್ಚು ಕಮ್ಮಿ ತೀರ್ಮಾನ ಆಯಿತು. ಈಗ ದಾರಿ ಹೇಗೆ ಅನ್ನುವುದು ಪ್ರಶ್ನೆ. ಬೆಂಗಳೂರಿಂದ ದುಬೈ ಅಥವಾ ದೋಹಾ ಮೇಲೆ ಬಾಸ್ಟನ್‌ಗೆ ಒಂದು. ಇನ್ನೊಂದು ನ್ಯೂಯಾರ್ಕ್‌ವರೆಗೆ ಹೋಗಿ ಅಲ್ಲಿಂದ ಸಣ್ಣ ವಿಮಾನ, ಅದು ಹದಿನೈದು ಸಾವಿರ ಕಮ್ಮಿ. ಮತ್ತೆ ಅಪ್ಪ ಇನ್ನೊಂದು ಶುರು ಮಾಡಿದ್ದಾರೆ, "ಅಳಿಯ ಆಫೀಸಿಗೆ ಹೋದಾಗ ಹಿಮ ನಾನೇ ಬಳಿಯುತ್ತೇನೆ, ಅದರಲ್ಲೇನಿದೆ" ಅಂತ.

ಕಲ್ಲಿನಕೋಟೆಯವ

ಅಪ್ಪನ ವಿಷಯ ಮೊದಲು. ಸಲಿಕೆ ಮುಟ್ಟಲು ಬಿಡಬೇಡಿ. ಇದರಲ್ಲಿ ತಮಾಷೆ ಇಲ್ಲ. ಹಿಮ ಬಳಿಯುವಾಗ ಹೃದಯಾಘಾತ ಆಗುವುದು ಇಲ್ಲಿ ಪ್ರತಿ ಚಳಿಗಾಲ ಕೇಳುವ ಸುದ್ದಿ, ವೈದ್ಯರೂ ಪ್ರತಿ ವರ್ಷ ಎಚ್ಚರಿಕೆ ಕೊಡುತ್ತಾರೆ. ಚಳಿಗೆ ರಕ್ತನಾಳ ಬಿಗಿದುಕೊಂಡು ಬಿಪಿ ಏರಿರುತ್ತದೆ, ಅದರ ಮೇಲೆ ಉಸಿರು ಬಿಗಿಹಿಡಿದು ಭಾರ ಎತ್ತುವುದು. ಅದರಲ್ಲೂ ಮಾರ್ಚ್‌ನ ಹಿಮ ಜನವರಿಯ ಪುಡಿ ಹಿಮವಲ್ಲ, ನೀರು ತುಂಬಿದ್ದು. ಒಂದಿಂಚು ಮಳೆ ನೀರಿಗೆ ಸಾಮಾನ್ಯವಾಗಿ ಹತ್ತಿಂಚು ಹಿಮ ಅಂತ ಲೆಕ್ಕ, ಒದ್ದೆ ಹಿಮ ಆದರೆ ಐದಾರು ಇಂಚಿಗೇ ಅಷ್ಟು ನೀರು ಇರುತ್ತದೆ. ಸಲಿಕೆ ಎತ್ತಿದರೆ ಗೊತ್ತಾಗುತ್ತದೆ. ಮರದ ಕೊಂಬೆ ಮುರಿದು ಕರೆಂಟ್ ಹೋಗುವುದೂ ಈ ಒದ್ದೆ ಹಿಮದಲ್ಲೇ ಜಾಸ್ತಿ. ಟಾರ್ಚ್, ಪವರ್ ಬ್ಯಾಂಕ್ ಮನೆಯಲ್ಲಿರಲಿ. ಬಳಿಯುವುದಕ್ಕೆ ದುಡ್ಡು ಕೊಟ್ಟರೆ ಹುಡುಗರು ಸಿಗುತ್ತಾರೆ.

ದಾರಿ ವಿಷಯಕ್ಕೆ, ಹದಿನೈದು ಸಾವಿರ ಹೋದರೆ ಹೋಗಲಿ, ಅಮೆರಿಕದೊಳಗೆ ಇನ್ನೊಂದು ಕನೆಕ್ಷನ್ ಬೇಡ. ಗಾಳಿಯಂತ್ರ ಅವರು ಹೇಳಿದ ಬಿರುಗಾಳಿ ದಂಡೆಗುಂಟ ಬರುತ್ತದಲ್ಲ, ಅದೇ ದಂಡೆಯಲ್ಲಿ ವಾಷಿಂಗ್ಟನ್, ಫಿಲಡೆಲ್ಫಿಯಾ, ನ್ಯೂಯಾರ್ಕ್, ಬಾಸ್ಟನ್ ಸಾಲಾಗಿ ಇವೆ. ಒಂದೇ ಬಿರುಗಾಳಿ ನಾಲ್ಕೂ ಏರ್‌ಪೋರ್ಟ್ ಕೆಡಿಸಬಹುದು. ಆಗ ಮೊದಲು ರದ್ದಾಗುವುದು ಈ ಸಣ್ಣ ವಿಮಾನಗಳೇ. ಇಂಗ್ಲಿಷ್ ಅಷ್ಟಾಗಿ ಬಾರದ ದೊಡ್ಡವರು ನ್ಯೂಯಾರ್ಕ್‌ನಲ್ಲಿ ಕ್ಯೂ ನಿಂತು ಬೇರೆ ವಿಮಾನ ಕೇಳುವುದನ್ನು ಯೋಚನೆ ಮಾಡಿ. ದುಬೈ, ದೋಹಾದಲ್ಲಿ ಸಿಕ್ಕಿಹಾಕಿಕೊಂಡರೂ ಬಿಸಿ ಊಟ, ಹಿಂದಿ ಮಾತಾಡುವವರು ಸಿಗುತ್ತಾರೆ. ಎರಡೂ ವಿಮಾನ ಒಂದೇ ಟಿಕೆಟ್‌ನಲ್ಲಿ, ಒಂದೇ ಪಿಎನ್‌ಆರ್‌ನಲ್ಲಿ ಇರಬೇಕು. ಬಿಡಿಬಿಡಿಯಾಗಿ ಮಾಡಿದರೆ ಮೊದಲನೆಯದು ತಡವಾದಾಗ ಎರಡನೆಯವರು ಹೊಣೆ ಹೊರುವುದಿಲ್ಲ.

ಬಿರುಗಾಳಿ ಬರುವುದು ಖಚಿತವಾದರೆ ವಿಮಾನ ಕಂಪನಿಗಳು ಒಂದೆರಡು ದಿನ ಮುಂಚೆಯೇ ವೇವರ್ ಹಾಕುತ್ತವೆ. ಅಂದರೆ ತಾರೀಖು ಬದಲಾಯಿಸುವುದಕ್ಕೆ ದಂಡ ಇಲ್ಲ. ಅದನ್ನು ಹಿಡಿದುಕೊಂಡು ಬೇಗ ಬದಲಾಯಿಸಿ, ರದ್ದಾಗುವವರೆಗೆ ಕಾಯಬೇಡಿ. ರದ್ದಾದ ಮೇಲೆ ಎಲ್ಲರೂ ಒಟ್ಟಿಗೆ ಫೋನ್ ಮಾಡುತ್ತಾರೆ. ಕಂಪನಿಯೇ ರದ್ದು ಮಾಡಿ ನಿಮಗೆ ಬೇರೆ ವಿಮಾನ ಬೇಡ ಅಂದರೆ ಅಮೆರಿಕದ ನಿಯಮದ ಪ್ರಕಾರ ದುಡ್ಡು ವಾಪಸ್ ಬರುತ್ತದೆ. ಆದರೆ ಹವಾಮಾನದಿಂದ ನಿಂತದ್ದಕ್ಕೆ ಹೋಟೆಲ್ ಕೊಡಲೇಬೇಕು ಅಂತ ಅಲ್ಲಿ ಕಾನೂನಿಲ್ಲ. ಪ್ರಯಾಣದ ಇನ್ಶೂರೆನ್ಸ್ ಹೇಗೂ ಮಾಡಿಸುತ್ತೀರಲ್ಲ, ಅದರಲ್ಲಿ ತಡವಾದರೆ ಖರ್ಚು ಸಿಗುತ್ತದಾ ಓದಿಕೊಳ್ಳಿ.

ಇನ್ನೊಂದು, ದಾವಣಗೆರೆಯಿಂದ ದೇವನಹಳ್ಳಿಗೆ ಐದಾರು ಗಂಟೆ ದಾರಿ. ಕಾರು ಹತ್ತುವ ಮುಂಚೆ ಬೆಂಗಳೂರಿನ ವಿಮಾನ ಮಾತ್ರ ನೋಡಿದರೆ ಸಾಲದು, ಬಾಸ್ಟನ್‌ಗೆ ಹೋಗುವ ಎರಡನೇ ವಿಮಾನ ಸರಿಯಾಗಿದೆಯಾ ನೋಡಿ. ಅದು ರದ್ದು ಅಂತ ಗೊತ್ತಾದರೆ ಮೊದಲನೆಯದನ್ನು ಹತ್ತದೆ ಮನೆಯಲ್ಲೇ ಇದ್ದು ಬದಲಾಯಿಸುವುದು ಒಳ್ಳೆಯದು.

ವಿಮಾನಕ್ಕಿಂತ ನನಗೆ ಹೆಚ್ಚು ಮುಖ್ಯ ಅನ್ನಿಸುವುದು ಹೆರಿಗೆ ನೋವು ಬಂದ ರಾತ್ರಿ ಹಿಮ ಬೀಳುತ್ತಿದ್ದರೆ ಏನು ಅನ್ನುವುದು. ಭಾವನ ಹತ್ತಿರ ಈಗಲೇ ಮಾತಾಡಿ. ಕ್ವಿನ್ಸಿಯಿಂದ ಬಾಸ್ಟನ್ ಆಸ್ಪತ್ರೆಗೆ ಹದಿನೈದು ಕಿಲೋಮೀಟರ್ ಇದ್ದರೆ ಹೆಚ್ಚು, ಆದರೆ ಬಿರುಗಾಳಿಯ ರಾತ್ರಿ ಅದೇ ದಾರಿ ಎಷ್ಟು ಹೊತ್ತು ಹಿಡಿಯುತ್ತದೆ ಹೇಳಲಾಗದು. ಮುನ್ಸೂಚನೆ ಬಂದ ತಕ್ಷಣ ಡಾಕ್ಟರ್ ಕಚೇರಿಗೆ ಫೋನ್ ಮಾಡಿ ಯಾವಾಗ ಹೊರಡಬೇಕು ಕೇಳಲಿ, ಅವರಿಗೆ ಇದು ಹೊಸದಲ್ಲ. ತೀರಾ ಆಗದಿದ್ದರೆ 911, ಇಲ್ಲಿಯ ತುರ್ತು ನಂಬರ್. ಸ್ನೋ ಎಮರ್ಜೆನ್ಸಿ ಅಂತ ನಗರದವರು ಸಾರಿದ ಮೇಲೆ ಮುಖ್ಯ ರಸ್ತೆಗಳ ಬದಿ ಕಾರು ನಿಲ್ಲಿಸುವಂತಿಲ್ಲ, ನಿಲ್ಲಿಸಿದರೆ ಎಳೆದುಕೊಂಡು ಹೋಗುತ್ತಾರೆ. ಬೆಳಗ್ಗೆ ಎದ್ದು ಆಸ್ಪತ್ರೆಗೆ ಹೊರಟರೆ ಕಾರೇ ಇಲ್ಲ ಅಂದರೆ ಹೇಗೆ?

ಬಾಸ್ಟನ್‌ನ ಬೀದಿಗಳಲ್ಲಿ ಇನ್ನೊಂದು ಚೆಂದ ಇದೆ. ಹಿಮ ಬಳಿದು ಕಾರಿಗೆ ಜಾಗ ಮಾಡಿಕೊಂಡವರು ಹೊರಗೆ ಹೋಗುವಾಗ ಆ ಜಾಗದಲ್ಲಿ ಮುರುಕು ಕುರ್ಚಿಯನ್ನೋ ಕಸದ ಡಬ್ಬಿಯನ್ನೋ ಇಟ್ಟು ಹೋಗುತ್ತಾರೆ. ಎಮರ್ಜೆನ್ಸಿ ಮುಗಿದು 48 ಗಂಟೆವರೆಗೆ ಅದಕ್ಕೆ ನಗರದವರ ಒಪ್ಪಿಗೆಯೂ ಇದೆ, ಸೌತ್ ಎಂಡ್ ಭಾಗದಲ್ಲಿ ಮಾತ್ರ ಇಲ್ಲ. ನಮ್ಮ ಬಸ್ಸಿನಲ್ಲಿ ಕಿಟಕಿಯಿಂದ ಟವೆಲ್ ಹಾಕುವವರು ನೋಡಿದರೆ ಖುಷಿ ಪಡುತ್ತಾರೆ. ಅಪ್ಪ ಆ ಕುರ್ಚಿ ಚೆನ್ನಾಗಿದೆ ಅಂತ ಎತ್ತಿಕೊಂಡು ಬರದಿದ್ದರೆ ಸಾಕು.

ಚಳ್ಳಕೆರೆ ಕಡ್ಲೆಕಾಯಿ

ಈ ಕುರ್ಚಿ ವಿಷಯ ನಮ್ಮ ಚುನಾವಣೆ ಟೈಮಿಗೂ ಬೇಕಾಗಿತ್ತು. ತಮಾಷೆ ಇರಲಿ, ಬಟ್ಟೆ ಬಗ್ಗೆ ಯಾರೂ ಹೇಳಲಿಲ್ಲ ನೋಡಿ.

ವಿನೋಬನಗರ ಅಜ್ಜಿ

ಹೇಳುತ್ತೇನೆ ಇರಪ್ಪ. ಚಳಿಗಾಲದಲ್ಲಿ ನಮ್ಮೂರಿಗೆ ಬರುವ ಟಿಬೆಟಿಯನ್ನರ ಅಂಗಡಿಯ ಸ್ವೆಟರ್ ಒಳಗೆ ಹಾಕುವುದಕ್ಕೆ ಒಳ್ಳೆಯದು, ಒಂದೆರಡು ಇರಲಿ. ಆದರೆ ಹೊರಗಿನ ದಪ್ಪ ಜಾಕೆಟ್ ಇಲ್ಲಿ ತಗೋಬೇಡಿ. ಇಲ್ಲಿ ಸಿಗುವುದು ಗಾಳಿ ತಡೆಯುವುದಿಲ್ಲ, ನೀರಂತೂ ತಡೆಯುವುದೇ ಇಲ್ಲ. ಫೆಬ್ರವರಿ ಕೊನೆಗೆ ಅಲ್ಲಿ ಚಳಿಗಾಲದ ಬಟ್ಟೆಗೆ ಕ್ಲಿಯರೆನ್ಸ್ ಹಾಕಿರುತ್ತಾರೆ, ಅರ್ಧ ಬೆಲೆಗೆ ಸಿಗುತ್ತದೆ. ನಿಮ್ಮ ತಂಗಿಗೆ ಮುಂಚೆಯೇ ಅಳತೆ ಕಳಿಸಿ, ತರಿಸಿಡಲಿ, ಏರ್‌ಪೋರ್ಟ್‌ಗೆ ಬರುವಾಗ ಕೈಯಲ್ಲಿ ಹಿಡಿದುಕೊಂಡು ಬರಲಿ. ಇಲ್ಲಿಂದ ಬೇಕಾದದ್ದು ಥರ್ಮಲ್, ಮೈಗೆ ಹತ್ತುವ ಒಳ ಅಂಗಿ ಪ್ಯಾಂಟು, ಅಮ್ಮ ಸೀರೆ ಉಡುವವರಾದರೆ ಅದರೊಳಗೆ ಹಾಕಬಹುದು. ಮಂಕಿ ಕ್ಯಾಪ್ ನಾಚಿಕೆ ಇಲ್ಲದೆ ತಗೊಂಡು ಹೋಗಲಿ, ಅಲ್ಲಿ ಎಲ್ಲರೂ ಹಾಕುತ್ತಾರೆ. ಹತ್ತಿಯ ಕಾಲುಚೀಲ ಬೇಡ, ಒದ್ದೆಯಾದರೆ ಆರುವುದಿಲ್ಲ, ಉಣ್ಣೆಯದು ಇರಲಿ.

ಇದನ್ನೆಲ್ಲ ದೊಡ್ಡ ಸೂಟ್‌ಕೇಸ್‌ನ ತಳದಲ್ಲಿ ಹಾಕಿ ಕಳಿಸಬೇಡಿ. ಒಂದು ಸ್ವೆಟರ್, ಟೋಪಿ, ಶಾಲು, ನಾಲ್ಕು ದಿನದ ಬಿಪಿ ಶುಗರ್ ಮಾತ್ರೆ ಕೈಚೀಲದಲ್ಲಿ ಇರಲಿ. ದಾರಿಯಲ್ಲಿ ಒಂದು ರಾತ್ರಿ ನಿಂತರೆ ಆ ಚೀಲ ಬಿಟ್ಟು ಬೇರೆ ಏನೂ ಕೈಗೆ ಸಿಗುವುದಿಲ್ಲ.

ಪಿಜೆ ಬಡಾವಣೆ

ಟಿಕೆಟ್ ಆಯಿತು. 24, ದೋಹಾ ಮೇಲೆ, ಒಂದೇ ಪಿಎನ್‌ಆರ್. ಎಲ್ಲರಿಗೂ ತುಂಬ ಥ್ಯಾಂಕ್ಸ್. ಅಪ್ಪನ ಚಪ್ಪಲಿ ಮಾತ್ರ ಬಾಕಿ, "ಬಾಟಾದ ಶೂ ಇದೆಯಲ್ಲ ಸಾಕು" ಅನ್ನುತ್ತಿದ್ದಾರೆ.

ಗಾಳಿಯಂತ್ರ

ಒಂದು ಸಣ್ಣ ಮಾತು. ಮಾರ್ಚ್‌ನ ಎರಡನೇ ಭಾನುವಾರ ಅಲ್ಲಿ ಗಡಿಯಾರ ಒಂದು ಗಂಟೆ ಮುಂದಕ್ಕೆ ಹೋಗುತ್ತದೆ. ಅಲ್ಲಿವರೆಗೆ ನಮಗೂ ಬಾಸ್ಟನ್‌ಗೂ ಹತ್ತೂವರೆ ಗಂಟೆ, ಆಮೇಲೆ ಒಂಬತ್ತೂವರೆ. ನಿಮ್ಮ ವಿಡಿಯೋ ಕಾಲ್ ಟೈಮ್ ತಪ್ಪದಿರಲಿ.

ಕಲ್ಲಿನಕೋಟೆಯವ

ಶೂ ಸಾಲದು. ನೀರು ಒಳಗೆ ಬಾರದ, ಅಡಿಯಲ್ಲಿ ಆಳವಾದ ಗೀರು ಇರುವ ಬೂಟು ಬೇಕು, ಮಂಡಿ ನೋವಿರುವವರಿಗೆ ಪಕ್ಕದಲ್ಲಿ ಜಿಪ್ ಇರುವುದು ಸುಲಭ, ಬಗ್ಗಿ ಲೇಸ್ ಕಟ್ಟುವುದು ತಪ್ಪುತ್ತದೆ. ಅದರ ಮೇಲೆ ಹಾಕುವ ರಬ್ಬರ್ ಪಟ್ಟಿ ಸಿಗುತ್ತದೆ, ಅಡಿಯಲ್ಲಿ ಸಣ್ಣ ಕಬ್ಬಿಣದ ಮುಳ್ಳು ಇರುತ್ತವೆ, ಮಂಜಿನ ಮೇಲೆ ಹಿಡಿತ ಕೊಡುತ್ತವೆ. ಅಂಗಡಿ ಒಳಗೆ ಹೋಗುವಾಗ ಬಿಚ್ಚಬೇಕು, ಟೈಲ್ಸ್ ಮೇಲೆ ಅದೇ ಜಾರುತ್ತದೆ. ಉಣ್ಣೆ ಕಾಲುಚೀಲ ಹಾಕಿಕೊಂಡೇ ಅಳತೆ ನೋಡಲಿ, ಒಂದು ಅರ್ಧ ಸೈಜ್ ದೊಡ್ಡದೇ ತಗೊಳ್ಳಲಿ.